ಬಲೆಯ ಮೂರನೆಯ ಗೂಟ

ಮೂರು ವರ್ಷದ ಹಿಂದಿನ ಹೊಸತೊಡಕು, ಬೆಳಿಗ್ಗೆ ಏಳೂವರೆ ದಾಟಿತ್ತು. ನಾನು ನಿಂತಿದ್ದದ್ದು ನಮ್ಮೂರ ಗುಡ್ಡದ ಪೂರ್ವದ ಇಳಿಜಾರಿನಲ್ಲಿ, ಬೇಟೆಯ ಬಲೆಯ ಮೂರನೆಯ ಗೂಟದ ಬಳಿ. ಎಡಕ್ಕೆ ಹತ್ತು ಹೆಜ್ಜೆ ದೂರದ ಬಂಡೆಯ ಮೇಲೆ ಅಕ್ಕನ ಗಂಡ, ನಮ್ಮ ಭಾವ, ನಾಡಬಂದೂಕು ಹಿಡಿದು ಕೂತಿದ್ದರು. ಬಲಕ್ಕೆ, ನಾಲ್ಕನೆಯ ಗೂಟದಲ್ಲಿ, ನೆರೆಮನೆಯವನು. ಎದುರಿಗೆ ಮೂವತ್ತು ಹೆಜ್ಜೆ ಆಚೆ ಲಂಟಾನದ ಪೊದೆ, ಅದರ ನಡುವೆ ಒಂದು ಹುಣಸೆಮರ.

ಹೊಸತೊಡಕಿಗೆ, ಎಂದರೆ ಯುಗಾದಿಯ ಮರುದಿನ, ಗುಡ್ಡಕ್ಕೆ ಬೇಟೆಗೆ ಹೋಗುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕಾನೂನು ಒಪ್ಪುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ವರ್ಷಕ್ಕೊಂದೇ ದಿನವಲ್ಲವೇ ಎಂದುಕೊಳ್ಳುತ್ತಿದ್ದೆವು. ಅದಕ್ಕೊಂದು ಕಟ್ಟುಪಾಡೂ ಇತ್ತು. ಮೇಲಿನಿಂದ ತಮಟೆ ಬಡಿದು ಜಿಂಕೆಗಳನ್ನು ಕೆಳಕ್ಕೆ ಅಟ್ಟಲು ಶುರುಮಾಡಿದ ಮೇಲೆ ಬಲೆಯ ಬಳಿ ನಿಂತವನು ಬಾಯಿ ಬಿಡಬಾರದು. ಬಿಟ್ಟರೆ ಅವನಿಗೆ ಪಾಲಿಲ್ಲ. ಹಿಂದಿನ ವರ್ಷ ನಾನು ಕೆಮ್ಮಿದ್ದಕ್ಕೇ, "ಏನ್ಲಾ, ಜಿಂಕೆ ಹತ್ರ ಕ್ಷೇಮ ಸಮಾಚಾರ ಕೇಳ್ದಾ?" ಎಂದು ತಿಂಗಳುಗಟ್ಟಲೆ ಆಡಿಕೊಂಡಿದ್ದರು.

ತಮಟೆ ಶುರುವಾಯಿತು. ಪೊದೆ ಅಲ್ಲಾಡಿತು. ಕಂದು ಬಣ್ಣ ಕಂಡಿತು, ಅದರ ಮೇಲೆ ಬಿಳಿ ಚುಕ್ಕೆ. ಭಾವ ಬಂದೂಕು ಎತ್ತಿದರು. ಆಗ ಎಲೆಗಳ ನಡುವೆ ನನಗೊಂದು ಕೈ ಕಂಡಿತು, ಕೈಯಲ್ಲಿ ಗಾಜಿನ ಬಳೆ. ಭಾವ ಕೂತ ಕಡೆಯಿಂದ ಆ ಕೈಗೆ ಹುಣಸೆಯ ಬುಡ ಅಡ್ಡವಿತ್ತು. ನನಗೆ ಇರಲಿಲ್ಲ. ಅದು ಕೈ ಎಂದು ಗೊತ್ತಾದ ಮೇಲೂ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಿತ್ತು. ಬಾಯಿ ತೆರೆಯಲಿಲ್ಲ.

ಈಡು ಹಾರಿತು.

"ಅಯ್ಯೋ, ನಾನು ಕಣ್ರೋ!"

ನಮ್ಮ ಚಿಕ್ಕಮ್ಮ. ಹುಣಸೆಹಣ್ಣು ಆಯಲು ಬಂದವರು ತಮಟೆಗೆ ಹೆದರಿ ಪೊದೆಯಲ್ಲಿ ಬಗ್ಗಿ ಕೂತಿದ್ದರು. ಉಟ್ಟಿದ್ದದ್ದು ಬಿಳಿ ಚುಕ್ಕೆಯ ಕಂದು ಸೀರೆ. ಭುಜಕ್ಕೂ ಕತ್ತಿನ ಪಕ್ಕಕ್ಕೂ ಈಡಿನ ಚರೆ ಹೊಕ್ಕಿತ್ತು. ಕೋಲಾರದ ಆಸ್ಪತ್ರೆ ಮುಟ್ಟುವವರೆಗೆ ಟೆಂಪೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಒತ್ತಿ ಹಿಡಿದ ಟವೆಲು ಮತ್ತೆ ಮತ್ತೆ ನೆನೆಯುತ್ತಿತ್ತು. ಅವರು ಕಣ್ಣು ಮುಚ್ಚಿದಾಗಲೆಲ್ಲ ನಾನು ಕೂಗಿ ಎಬ್ಬಿಸುತ್ತಿದ್ದೆ. ಆಗ ನನಗೆ ಗಂಟಲಿತ್ತು.

ಅವರು ಉಳಿದರು. ಕೇಸಾಯಿತು, ಬಂದೂಕು ಹೋಯಿತು. ಆದರೂ ಮುಂದಿನ ಯುಗಾದಿ ಹತ್ತಿರವಾದಂತೆ ಬಲೆಯ ಮಾತು ಮತ್ತೆ ಎದ್ದಿತು. ಆ ವಾರವೇ ಅರಣ್ಯ ಇಲಾಖೆಯ ಗಾರ್ಡು ಬೇಟೆಗೆ ಹೋಗುವ ಮನೆಯವರನ್ನೆಲ್ಲ ಶಾಲೆಯ ಜಗುಲಿಯಲ್ಲಿ ಕೂರಿಸಿ, ಜಿಂಕೆ ಎಣಿಸುವುದನ್ನು ಹೇಳಿಕೊಟ್ಟರು.

"ಕಿವಿ, ಕತ್ತು, ಕಾಲು, ಮೂರೂ ಕಂಡ್ರೆ ಒಂದು ಅಂತ ಬರೀರಿ. ಪೊದೆ ಅಲ್ಲಾಡಿದ್ದನ್ನ ಬರೀಬೇಡಿ."

"ನಮಗೇ ಜಿಂಕೆ ತೋರಿಸ್ತೀರಾ ಸಾರ್?" ಎಂದು ಒಬ್ಬ ಹಿಂದಿನಿಂದ ಕೇಳಿದ. ಎಲ್ಲರೂ ನಕ್ಕರು.

"ನೀವೇ ನನಗೆ ಹೇಳಿ. ಇಷ್ಟು ವರ್ಷ ಹೊಡೆದಿದ್ರಲ್ಲಿ ಗಬ್ಬದ ಹೆಣ್ಣು ಎಷ್ಟಿತ್ತು? ಮರಿ ಹಾಕೋದನ್ನೇ ಹೊಡೆದ್ರೆ ಗುಡ್ಡದಲ್ಲಿ ಉಳಿಯೋದೇನು?"

ಹಿಂದಿನಿಂದ ಕೇಳಿದವನೇ ಮಾತು ತಿರುಗಿಸಿದ: "ಹೋದ ವರ್ಷದ್ದು ಯಾರ ತಪ್ಪೂ ಅಲ್ಲ ಬಿಡಿ. ಅಲ್ಲಿ ಹೆಂಗಸು ಇದ್ದದ್ದು ಯಾರಿಗೂ ಕಾಣ್ಲಿಲ್ಲ."

ನಾನು ಎದ್ದು ನಿಂತೆ.

"ನನಗೆ ಕಾಣ್ತು. ಸುಮ್ನಿದ್ದೆ."

ಭಾವ ನಿಧಾನವಾಗಿ ತಿರುಗಿದರು. "ನಿಂಗೆ ಕಂಡಿತ್ತೇನೋ?"

"ಕಂಡಿತ್ತು ಭಾವ."

ಆ ಹೊಸತೊಡಕಿಗೆ ಬಲೆ ಹೊರಗೆ ಬರಲಿಲ್ಲ, ಇದುವರೆಗೂ ಬಂದಿಲ್ಲ. ಗಾರ್ಡಿನ ಹಿಂದೆ ಹತ್ತು ಜನ ಜಿಂಕೆ ಎಣಿಸಲು ಹೋದರು. ಬರುವ ವರ್ಷದ ಮಾತು ನಾನು ಹೇಳಲಾರೆ.

ಅಂದು ಮೂರನೆಯ ಗೂಟದ ಸುತ್ತ ಇದ್ದವರು, ನನ್ನನ್ನು ಬಿಟ್ಟು, ಇನ್ನೂ ಮೂವರಿದ್ದಾರೆ. ಭಾವ ಇದ್ದಾರೆ, ನನ್ನೊಡನೆ ಮಾತಿಲ್ಲ. ನೆರೆಮನೆಯವನು ಈಗ ಬೈರಕೂರಿನ ಕಡೆ ಮಾವಿನ ತೋಪು ಕಾಯುತ್ತಾನೆ. ಅವನಿಗೂ ಆ ಕೈ ಕಂಡಿತ್ತೇ ಎಂದು ನಾನು ಕೇಳಿಲ್ಲ. ಚಿಕ್ಕಮ್ಮ ಇದ್ದಾರೆ. ಎಡಗೈ ಮೇಲೇಳುವುದಿಲ್ಲ.