ವರಾಂಡದ ಕಾಂಗೋ

ಮೊನ್ನೆ ಬಾಲ್ಕನಿಯಲ್ಲಿ ಕೂತು ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆಯುತ್ತಿದ್ದೆ. ಅಹಮದಾಬಾದಿನ ಚಾಂದ್‌ಖೇಡಾದ ಬಿಸಿಲಿಗೆ ಬಣ್ಣ ಡಬ್ಬಿಯಲ್ಲೇ ಗಟ್ಟಿಯಾಗತೊಡಗಿತ್ತು. ಒಂದಿಷ್ಟು ಟರ್ಪೆಂಟೈನ್ ಸುರಿದು ಕಲಸಿದೆ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ವಡೋದರಾದ ನಮ್ಮ ಹಳೇ ಮನೆ, ಪಕ್ಕದ ವರಾಂಡ, ಅಲ್ಲಿ ಬನಿಯನ್ ತೊಟ್ಟು ಕುಕ್ಕರಗಾಲಲ್ಲಿ ಕೂತು ಇಂಥದ್ದೇ ಟ್ರಂಕಿನ ಮೇಲೆ ಹೆಸರು ಬರೆಯುತ್ತಿದ್ದ ಪಕ್ಕದ ಮನೆಯ ಕಾಕಾ... ಎಲ್ಲ ಒಟ್ಟಿಗೇ ಬಂದುಬಿಟ್ಟವು.

ನಾನು ಸೈನ್ಯದ ಆಸ್ಪತ್ರೆಯಲ್ಲಿ ನರ್ಸು. ಮುಂದಿನ ವಾರ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಜೊತೆ ಒಂದು ವರ್ಷಕ್ಕೆಂದು ದಕ್ಷಿಣ ಸುಡಾನಿಗೆ ಹೊರಟಿದ್ದೇನೆ. ಗಂಡನಿಗೆ ಇಲ್ಲೇ ಅಹಮದಾಬಾದಿನಲ್ಲಿ ಕೆಲಸ, ಮಗಳು ಎರಡನೇ ಕ್ಲಾಸು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಭಯ ಆಗೋದಿಲ್ವಾ ಅಂತ. ಆಗುತ್ತದೆ ಸ್ವಾಮಿ, ಯಾಕಾಗೋದಿಲ್ಲ? ಆದರೆ ಅವರು ಕೇಳುವ ಭಯವಲ್ಲ. ಗುಂಡು, ಮಲೇರಿಯಾ ಇವೆಲ್ಲ ನನ್ನ ಕಸುಬಿನ ಸಂಗತಿಗಳು. ನನಗಿರುವ ಭಯ, ನಾನಿಲ್ಲದೆಯೂ ಈ ಮನೆ ಸಲೀಸಾಗಿ ನಡೆದುಬಿಟ್ಟರೆ ಏನು ಗತಿ ಎಂಬುದು. ಈ ಭಯದ ಬೀಜ ಬಿತ್ತಿ ಹೋದವರು ಕಾಕಾ.

ಆಗ ನಾನು ಹನ್ನೆರಡನೇ ಕ್ಲಾಸಿನಲ್ಲಿದ್ದೆ. ಕುಂದಾಪುರದ ಕಡೆಯಿಂದ ಬಂದ ನಮ್ಮಪ್ಪ ಸ್ಟೇಷನ್ ಹತ್ತಿರ ಸಣ್ಣದೊಂದು ಉಡುಪಿ ಹೋಟೆಲ್ ನಡೆಸುತ್ತಿದ್ದರು. ಪಕ್ಕದ ಮನೆಗೆ ಬಾಡಿಗೆಗೆ ಬಂದ ಸೈನ್ಯದ ಹವಾಲ್ದಾರರು ಗೋಕಾಕದ ಕಡೆಯವರು. ಅವರನ್ನು ಕಾಕಾ ಅಂತಲೂ ಅವರ ಹೆಂಡತಿಯನ್ನು ಕಾಕು ಅಂತಲೂ ಕರೆಯುತ್ತಿದ್ದೆ. ಕಾಕುಗೆ ಹಿಂದಿ ಅರ್ಧಂಬರ್ಧ, ಗುಜರಾತಿ ಸೊನ್ನೆ. ತರಕಾರಿಯವನ ಹತ್ತಿರ ಮಾತಾಡಬೇಕಾದರೂ ಗಂಡ ಬೇಕು. ಮಗನನ್ನು ಶಾಲೆಗೆ ಬಿಡುವುದು, ಗ್ಯಾಸ್ ಸಿಲಿಂಡರ್ ಬದಲಿಸುವುದು, ಬ್ಯಾಂಕು, ಕರೆಂಟು ಬಿಲ್ಲು ಎಲ್ಲ ಕಾಕಾನದೇ. ಅಂಥ ಮನುಷ್ಯನಿಗೆ ಇಂಥದ್ದೇ ಶಾಂತಿಪಾಲನೆಗೆಂದು ಒಂದು ವರ್ಷ ಕಾಂಗೋಗೆ ಹೋಗಲು ಆರ್ಡರ್ ಬಂತು.

ಕಾಕಾ ಅಳಲಿಲ್ಲ, ಕರೆಯಲಿಲ್ಲ. ತಾಲೀಮು ಶುರುಮಾಡಿದರು. ಒಂದು ಬೆಳಿಗ್ಗೆ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತು ಕಾಕುಗೆ ಹೇಳಿದ್ದು ನಮ್ಮನೆಗೂ ಕೇಳಿಸಿತು.

"ಇವತ್ತಿನಿಂದ ನಾ ಕಾಂಗೋದಾಗ ಅದೀನಿ. ನನ್ನ ಏನೂ ಕೇಳಬ್ಯಾಡ."

ಕಾಕು ನಕ್ಕರು. ತಮಾಷೆ ಅಂದುಕೊಂಡರು, ಪಾಪ. ಮಧ್ಯಾಹ್ನ ಅಡುಗೆಮನೆಯಿಂದ ಕೂಗಿದರು, "ರೀ, ಈ ಸಿಲಿಂಡರ್ ಕೂಡವಲ್ದು, ಬರ್ರಿ ಇಲ್ಲೆ!" ಕಾಕಾ ಮಿಸುಕಾಡಲಿಲ್ಲ. ಎರಡನೇ ಸಲ ಕೂಗಿದರು, ಮೂರನೇ ಸಲ ಬೈದರು. ಕಾಂಗೋದಿಂದ ಉತ್ತರ ಬರಲಿಲ್ಲ. ಕೊನೆಗೆ ಒಳಗಿನಿಂದ ಖಡಲ್ ಖಡಲ್ ಸದ್ದು, ಆಮೇಲೆ ಕುಕ್ಕರಿನ ಸೀಟಿ.

ಆದರೆ ಕಾಕು ಏನು ಕಡಿಮೆಯವರೇ? ಸಂಜೆ ಮಗನಿಗೆ ಹಾಲು ಕೊಟ್ಟು, ತಾವೊಂದು ಲೋಟ ಚಾ ಹಿಡಿದು, ಗಂಡನ ಎದುರಿಗೇ ಕೂತು ಕುಡಿದರು. ಗಂಡ ಕಾಂಗೋದಲ್ಲಿದ್ದ ಮೇಲೆ ಚಾ ಯಾರಿಗೆ ಕೊಡುವುದು? ಸ್ವಲ್ಪ ಹೊತ್ತಿಗೆ ಕಾಕಾ ಮೆಲ್ಲಗೆ ನಮ್ಮ ಬಾಗಿಲಿಗೆ ಬಂದು ನಿಂತರು. ಅಮ್ಮ ಬಿಡುತ್ತಾರೆಯೇ?

"ಕಾಂಗೋದಲ್ಲಿ ಇದ್ದವ್ರು ನಮ್ಮನೆ ಬಾಗ್ಲಲ್ಲಿ ಎಂತ ಮಾಡ್ತೀರಿ ಮಾರಾಯ್ರೆ?"

"ಅಲ್ಲೆ ಚಾ ಸಿಗವಲ್ದ್ರೀ ಅಕ್ಕಾರ," ಅಂದರು ಕಾಕಾ, ಮುಖ ಸಣ್ಣದು ಮಾಡಿಕೊಂಡು. ಅಪ್ಪ ನಕ್ಕೂ ನಕ್ಕೂ ಕೆಮ್ಮಿಬಿಟ್ಟರು.

ದಿನಾ ಹೀಗೇ ನಡೆಯಿತು. ಕಾಕು ಸ್ಕೂಟರ್ ಕಲಿಯಹೋಗಿ ಬಿದ್ದರು, ಎದ್ದರು, ಮೊಣಕಾಲಿಗೆ ಅರಿಸಿನ ಹಚ್ಚಿಕೊಂಡು ಮತ್ತೆ ಹತ್ತಿದರು. ಬಿದ್ದಾಗ ಕಾಕಾ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದನ್ನು ನಾನು ಕಂಡಿದ್ದೇನೆ. ಏಳಲಿಲ್ಲ ಪುಣ್ಯಾತ್ಮ. ಕಾಕಾ ಹೊರಡುವ ಹೊತ್ತಿಗೆ ಕಾಕು ತರಕಾರಿಯವನಿಗೆ "ಭಾಈ, ಬರಾಬರ್ ತೋಲೋ", ಸರಿಯಾಗಿ ತೂಗು, ಅಂತ ಗುಜರಾತಿಯಲ್ಲಿ ಗದರಿಸುವಷ್ಟು ಆಗಿದ್ದರು. ಟ್ರಂಕು ಜೀಪಿಗೆ ಏರಿಸಿದ ಮೇಲೆ ಕಾಕಾ ಹೆಂಡತಿಯನ್ನು ನೋಡಿ ಹೆಮ್ಮೆಯಿಂದ ಮೀಸೆ ತಿರುವಿದರು.

ವರ್ಷ ಕಳೆದು ಕಾಕಾ ಬಂದರು. ಸ್ವಲ್ಪ ಇಳಿದಿದ್ದರು, ಕಪ್ಪಾಗಿದ್ದರು, ಕೈಕಾಲು ನೆಟ್ಟಗಿದ್ದವು. ಅಮ್ಮ ಕೇಸರಿಬಾತು ಮಾಡಿದರು. ಕಾಕು ಅವತ್ತಿಡೀ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಮರುದಿನದಿಂದ ಮಾತ್ರ ಏನೋ ಒಂಥರಾ...

ಕಾಕಾ ಸ್ಕೂಟರಿನ ಕೀಲಿ ಹುಡುಕುವುದರೊಳಗೆ ಕಾಕು ಮಗನನ್ನು ಶಾಲೆಗೆ ಬಿಟ್ಟು ಬಂದಿರುತ್ತಿದ್ದರು. ಸಿಲಿಂಡರಿಗೆ ಕೈ ಹಾಕಿದರೆ "ಇರಲಿ ಬಿಡ್ರಿ, ದಣದು ಬಂದೀರಿ, ಕುಂದರ್ರಿ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ಮಗ ಲೆಕ್ಕದ ಪುಸ್ತಕ ಹಿಡಿದು ಅಪ್ಪನನ್ನು ದಾಟಿ ಅಮ್ಮನ ಹತ್ತಿರ ಹೋಗುತ್ತಿದ್ದ. ಯಾರದೂ ತಪ್ಪಲ್ಲ. ಕಾಕಾ ಮತ್ತೆ ಅದೇ ವರಾಂಡಕ್ಕೆ, ಅದೇ ಕುರ್ಚಿಗೆ ಬಂದರು. ಈಗ ಚಾ ತಪ್ಪದೆ ಬರುತ್ತಿತ್ತು, ತಟ್ಟೆಯಲ್ಲಿ ಬಿಸ್ಕತ್ತಿನ ಜೊತೆಗೆ, ನೆಂಟರಿಗೆ ಕೊಟ್ಟ ಹಾಗೆ.

ಒಂದು ದಿನ ನಾನು ಕಾಲೇಜಿನಿಂದ ಬರುವಾಗ ಕರೆದು ಕೂರಿಸಿಕೊಂಡರು. ನರ್ಸಿಂಗ್ ಸೇರಿದ್ದೆನಲ್ಲ, ಸೈನ್ಯದಲ್ಲೂ ನರ್ಸುಗಳು ಬೇಕು, ಯೋಚನೆ ಮಾಡು ಅಂದರು. ಆಮೇಲೆ ಬೀದಿಯ ಕಡೆ ತಿರುಗಿದರು.

"ಎಲ್ಲಾ ಕಲಿಸಿಬಿಟ್ಟೆನವ್ವಾ," ಅಂದರು. "ಒಂದರೆ ಕೆಲಸ ನಂದಂತ ಉಳಿಸ್ಕೋಬೇಕಿತ್ತು. ಈಗ ನೋಡು, ನಾ ಇನ್ನೂ ಕಾಂಗೋದಾಗ ಅದೀನಿ."

ನನಗಾಗ ಹದಿನೆಂಟು. ಚಾ ಆರುತ್ತದೆ ಕಾಕಾ, ಅಂದೆ. ಮರುವರ್ಷ ಅವರಿಗೆ ವರ್ಗವಾಯಿತು. ನಿವೃತ್ತಿಯಾಗಿ ಊರು ಸೇರಿದರಂತೆ, ಅಲ್ಲೇ ಎದೆನೋವಿನಲ್ಲಿ ತೀರಿಹೋದರಂತೆ... ಅಪ್ಪನಿಗೆ ಯಾರೋ ಹೇಳಿ ಅಪ್ಪ ನನಗೆ ಹೇಳುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ನನ್ನನ್ನು ಸಮವಸ್ತ್ರದಲ್ಲಿ ಅವರು ನೋಡಲೇ ಇಲ್ಲ.

ಆರ್ಡರ್ ಬಂದ ದಿನ ಈ ಕಥೆಯನ್ನೆಲ್ಲ ಗಂಡನಿಗೆ ಹೇಳಿದ್ದೆ. ಅವನು ಹೂಂ ಅಂದಿದ್ದ, ಅಷ್ಟೇ. ಮೈಸೂರಿನವನು, ಮಾತು ಕಡಿಮೆ. ಆಮೇಲೆ ನಾನೂ ನಮ್ಮನೆಯಲ್ಲಿ ತಾಲೀಮು ಶುರುಮಾಡಿದೆ. ಮಗಳ ಡಬ್ಬಿ, ಜ್ವರದ ಔಷಧಿ, ಅವಳ ಹಠ, ಶಾಲೆಯವರು ಫೋನಿಗೆ ಕಳಿಸುವ ಸುತ್ತೋಲೆ, ಎಲ್ಲ ಅವನಿಗೆ ಒಪ್ಪಿಸಿದೆ. ಒಂದನ್ನು ಬಿಟ್ಟು. ಶಾಲೆಗೆ ಎರಡು ಜಡೆ ಹೆಣೆದು, ರಿಬ್ಬನ್ನಿನಲ್ಲಿ ಮಡಿಸಿ ಕಟ್ಟಬೇಕು. ಅದನ್ನು ಬೇಕೆಂದೇ ಕಲಿಸಲಿಲ್ಲ. ನಾನು ಬರುವವರೆಗೆ ಕೂದಲು ಗಿಡ್ಡ ಕತ್ತರಿಸಿದರಾಯಿತು ಅಂತ ಜಂಭದಿಂದ ತೀರ್ಮಾನಿಸಿದ್ದೆ. ಸ್ವಾರ್ಥ ಅಂದರೆ ಅನ್ನಿ.

ನಿನ್ನೆ ಭಾನುವಾರ. ಬೆಳಿಗ್ಗೆ ಮಗಳಿಗೆ ತಲೆಸ್ನಾನ ಮಾಡಿಸಿ, ಒಂದು ಜುಟ್ಟು ಕಟ್ಟಿ ಆಸ್ಪತ್ರೆಗೆ ಹೋಗಿದ್ದೆ, ಹೇಳಿದ್ದಕ್ಕಿಂತ ಬೇಗ ಮನೆಗೆ ಬಂದೆ. ಬಾಗಿಲು ತೆರೆದಾಗ ಒಳಗೆ ಗಡಿಬಿಡಿ. ಮಗಳ ಕೂದಲು ಪೂರ್ತಿ ಬಿಚ್ಚಿತ್ತು. ಸೋಫಾದ ಮೇಲೆ ರಿಬ್ಬನ್ನುಗಳು. ಗಂಡ ಬಾಚಣಿಗೆಯನ್ನು ದಿಂಬಿನಡಿ ತುರುಕುತ್ತಿದ್ದ.

"ಈ ಜಡೆ ಒಂದು ಮಾತ್ರ ನಂಗೆ ಬರಲ್ಲ ಕಣೇ," ಅಂದ. "ನೀನೇ ಬಂದು ಹಾಕ್ಬೇಕು."

"ಪಪ್ಪಾಗೆ ಬಿಲ್ಕುಲ್ ಬರಲ್ಲ ಮಮ್ಮಾ," ಅಂತ ಮಗಳೂ ದನಿಗೂಡಿಸಿದಳು, ನಗು ತಡೆಯಲಾಗದೆ.

ಅವಳನ್ನು ಎದುರಿಗೆ ಕೂರಿಸಿಕೊಂಡು ಬಾಚಲು ಕೂತೆ. ಎರಡೂ ಕಡೆ, ಬುಡದಿಂದ ತುದಿಯವರೆಗೂ, ಬಿಗಿಯಾಗಿ ಹೆಣೆದು ಬಿಚ್ಚಿದ ಜಡೆಯ ಅಲೆಗಳು ಕೂದಲಿನಲ್ಲಿ ಹಾಗೇ ಉಳಿದಿದ್ದವು. ನನಗಿಂತ ಚೆನ್ನಾಗಿ ಹೆಣೆದಿದ್ದ ಮಹಾರಾಯ. ಬಗ್ಗಿ ಜಡೆ ಹೆಣೆಯುವಾಗ ಕಣ್ಣು ತುಂಬಿಕೊಂಡವು. ಆ ವರಾಂಡದಲ್ಲಿ ಕಾಕಾನಿಗೆ ಯಾರಾದರೂ ಇಂಥದ್ದೊಂದು ಸುಳ್ಳು ಹೇಳಬೇಕಿತ್ತು.