ಬೀಗರಿಗೊಂದು ಬೋರ್ಡೋ ಬಾಟಲಿ

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಮರಳೂರಿನಿಂದ ಅಣ್ಣನ ಹಳೆಯ ಕಾರಿನಲ್ಲಿ ಹೊರಟೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ, ಎಲೆ ಅಡಿಕೆ, ಕುಂಕುಮದ ತಟ್ಟೆ ಅಣ್ಣನ ತೊಡೆಯ ಮೇಲೆ. ಗುಬ್ಬಿಗೆ ಹೋಗಿ ಬೀಗರನ್ನು ಬೀಗರ ಊಟಕ್ಕೆ ಕರೆಯಬೇಕಿತ್ತು. ಅದಕ್ಕೂ ಮೊದಲು ಫ್ರಾನ್ಸಿನ ಬೋರ್ಡೋ ಸೀಮೆಯ ಒಂದು ಕೆಂಪು ವೈನ್ ಹುಡುಕಬೇಕಿತ್ತು.

ಅಣ್ಣನ ಮಗನ ಮದುವೆಯನ್ನು ನಮ್ಮ ಕಡೆಯವರೇ ಮಾಡಿದ್ದೆವು. ಆ ಗಡಿಬಿಡಿಯಲ್ಲಿ ಮೊದಲ ಪಂಕ್ತಿಗೆ ಹೆಣ್ಣಿನ ತಂದೆಯನ್ನೇ ಯಾರೂ ಕರೆಯಲಿಲ್ಲ. ಪುಟ್ಟರಾಜಯ್ಯನವರು ಊಟವನ್ನೂ ಮಾಡದೆ ಹೊರಟುಹೋದರು. ಆಮೇಲೆ ಫೋನೂ ಇಲ್ಲ. ಅವರು ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯ ಎಂಜಿನಿಯರ್. ಕೆಲಸದ ಮೇಲೆ ಫ್ರಾನ್ಸಿನಲ್ಲಿದ್ದಾಗ ಈ ವೈನಿನ ರುಚಿ ಹತ್ತಿತ್ತಂತೆ. ಅವರ ಮಗಳು, ನಮ್ಮ ಸೊಸೆ ದಿವ್ಯಾ ಹೇಳಿದ್ದಳು: "ಅತ್ತೆ, ಬಾಟಲಿ ಮೇಲಿನ ಕೋಟೆ ಚಿತ್ರ ನೋಡಿ ಮರುಳಾಗ್ಬೇಡಿ. ಬರೀ ಬೋರ್ಡೋ ಅಂತ ಇರೋದು ಎರಡು ಸಾವಿರದೊಳಗೆ ಸಿಗುತ್ತೆ, ಅಪ್ಪಂಗೆ ಅದೇ ಇಷ್ಟ. ಬಿಸಿಲಲ್ಲಿ ನಿಲ್ಸಿರೋದು ಮಾತ್ರ ಬೇಡ."

ಅಣ್ಣ ಹೈಸ್ಕೂಲ್ ಮೇಷ್ಟ್ರು. ಕೌಂಟರಿನಲ್ಲಿ ಯಾವ ಹಳೇ ಶಿಷ್ಯ ಕೂತಿರುತ್ತಾನೋ ಎಂದು ತುಮಕೂರಿನಲ್ಲಿ ಕಾರಿನಿಂದ ಇಳಿಯಲೇ ಇಲ್ಲ. "ನೀನೇ ಹೋಗ್ಬಾರೆ, ನಿನ್ನ ಯಾರೂ ಗುರುತು ಹಿಡಿಯಲ್ಲ" ಎಂದ. ನಮ್ಮ ವೈನ್ ಶಾಪುಗಳಲ್ಲಿ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಮೊದಲ ಅಂಗಡಿಯವರು, "ಬೋರ್ಡೋನಾ? ಗೊಬ್ಬರದಂಗ್ಡೀಲಿ ಕೇಳಿ ಮೇಡಂ, ತೋಟಕ್ಕೆ ಹೊಡೆಯೋ ಔಷಧಿ ಅಲ್ವಾ ಅದು?" ಎಂದರು. ಎರಡನೆಯದರಲ್ಲಿ ಕೋಟೆಯ ಚಿತ್ರದ ಬಾಟಲಿಯೊಂದು ಶೋಕೇಸಿನಲ್ಲಿ ಬಿಸಿಲು ಕಾಯಿಸುತ್ತಿತ್ತು. ಏಳು ಸಾವಿರ.

"ತಗೊಂಬಿಡು, ತಪ್ಪು ನಮ್ದು ಕಣೆ" ಎಂದ ಅಣ್ಣ. ನಾನು ಗಾಡಿ ಸ್ಟಾರ್ಟ್ ಮಾಡಿ, ಹೆದ್ದಾರಿಯ ಅಂಗಡಿಗಳಲ್ಲಾದರೂ ಸಿಕ್ಕೀತೆಂದು ಕುಣಿಗಲ್ ಕಡೆ ತಿರುಗಿಸಿದೆ.

ಹೆಬ್ಬೂರು ದಾಟಿ ಕುಣಿಗಲ್ ತಲುಪುವಾಗ ಮೋಡ ಕವಿದಿತ್ತು. ತಟ್ಟೆ ಇಡ್ಲಿ ತಿಂದೆವು. ಅಣ್ಣ ಅರ್ಧ ಬಿಟ್ಟ. ಹೆದ್ದಾರಿ ಪಕ್ಕದ ಅಂಗಡಿಯ ಮಾಲೀಕರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಒಳಗಿನ ಕತ್ತಲೆ ಕೋಣೆಯಿಂದ ಒಂದು ಬಾಟಲಿ ತಂದರು. ಬಿಳಿ ಲೇಬಲ್, ಕೋಟೆಯಿಲ್ಲ, ಬೋರ್ಡೋ ಎಂದಷ್ಟೇ ಇತ್ತು. ಸಾವಿರದ ಎಂಟುನೂರು.

"ಇದು ಒಗರು ಮೇಡಂ. ಒಬ್ರು ತಗೊಂಡೋಗಿ, ಕೆಟ್ಟೋಗದೆ ಅಂತ ವಾಪಸ್ ತಂದಿದ್ರು. ಆಮೇಲೆ ಬಂದು ಬೈಬೇಡಿ" ಎನ್ನುತ್ತಲೇ ಪೇಪರ್ ಸುತ್ತಿಕೊಟ್ಟರು.

ಒಳದಾರಿಯಲ್ಲಿ, ರಾಗಿ ಹೊಲಗಳ ನಡುವೆ ಗುಬ್ಬಿಗೆ ಬಂದೆವು. ರಸ್ತೆ ಅಲ್ಲಲ್ಲಿ ಕಿತ್ತುಹೋಗಿತ್ತು. ದಾರಿಯುದ್ದಕ್ಕೂ ಅಣ್ಣ ಹೇಳಬೇಕಾದ ಮಾತನ್ನು ಪಾಠದಂತೆ ಒಪ್ಪಿಸಿಕೊಳ್ಳುತ್ತಿದ್ದ.

ಪುಟ್ಟರಾಜಯ್ಯನವರು "ಬನ್ನಿ" ಎಂದರು, ನಗಲಿಲ್ಲ. ನೀರು ಬಂತು, ಕಾಫಿ ಬಂತು. ಅಣ್ಣ ತಟ್ಟೆಯನ್ನೂ ಬಾಟಲಿಯನ್ನೂ ಮುಂದಿಟ್ಟ. ಪಾಠ ಮರೆತುಹೋಗಿತ್ತು.

"ಅವತ್ತು ತಪ್ಪಾಯ್ತು ಬೀಗ್ರೇ. ಹೊಟ್ಟೆಗಾಕ್ಕೊಳಿ. ಬರೋ ಭಾನುವಾರ ಬೀಗರ ಊಟ, ನೀವು ಬರ್ಲೇಬೇಕು."

ಅವರು ಪೇಪರ್ ಬಿಚ್ಚಿ, ಕನ್ನಡಕ ಹಾಕಿಕೊಂಡು ಬಾಟಲಿಯ ಲೇಬಲ್ ಓದಿದರು. ಆಮೇಲೆ ಅದನ್ನು ಅಣ್ಣನ ಕೈಗೇ ವಾಪಸ್ ಇಟ್ಟರು.

"ಇದನ್ನ ಎತ್ಕೊಂಡೋಗಿ."

ಅಣ್ಣನ ಮುಖ ಕಪ್ಪಿಟ್ಟಿತು. ಇಷ್ಟೆಲ್ಲ ಸುತ್ತಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅನ್ನಿಸಿತು ನನಗೆ.

"ಇದು ಊಟದ ಜೊತೆ ಕುಡಿಯೋದು ಮೇಷ್ಟ್ರೇ" ಎಂದು ಅವರೇ ಮುಂದುವರಿಸಿದರು. "ನಿಮ್ಮನೇಲೇ ಇರ್ಲಿ. ತಂಪಾಗಿರೋ ಕಡೆ ಮಲಗ್ಸಿಡಿ. ಬಿರಡೆ ತೆಗೆಯೋ ತಿರುಪು ನಿಮ್ಹತ್ರ ಇರಲ್ಲ, ಭಾನುವಾರ ನಾನೇ ತರ್ತೀನಿ." ಕನ್ನಡಕ ತೆಗೆದು, "ಮೊದಲ್ನೇ ಪಂಕ್ತಿಗೇ ಬರ್ತೀನಿ" ಎಂದರು.

ಗುಬ್ಬಿಯಿಂದ ಮರಳೂರಿನವರೆಗೂ ಅಣ್ಣ ಬಾಟಲಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಕೂತಿದ್ದ. ಹಂಪ್ ಬಂದಾಗಲೆಲ್ಲ ಅದರ ಮೇಲೆ ಕೈಯಿಟ್ಟು, "ನಿಧಾನ ಕಣೆ, ನಿಧಾನ" ಎನ್ನುತ್ತಿದ್ದ.