ಕಾಗದದ ಮೇಲೆ ಹದಿಮೂರು ವರ್ಷ

ನಿಮ್ಮಮ್ಮನಿಗೆ ನಿಮ್ಮಜ್ಜಿಯಾದ ನನ್ನ ಒಂದು ಕಿಡ್ನಿ ಹೊಂದುತ್ತದೆ ಎಂದು ಡಾಕ್ಟರು ಹೇಳಿದ ಮಾರನೆಯ ದಿನ, ನಾವಿಬ್ಬರೂ ದೊಡ್ಡಬಳ್ಳಾಪುರದಿಂದ ಬೆಳಗಿನ ಬಸ್ಸಿಗೆ ಆಸ್ಪತ್ರೆಗೆ ಹೋದೆವು. ದಾನಿಯ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುವ ಹುಡುಗಿ ಸಂಬಂಧದ ಖಾನೆಯಲ್ಲಿ ತಾಯಿ ಎಂದು ಹಾಕಿದಳು. ನನ್ನ ಹುಟ್ಟಿದ ದಿನಾಂಕ ಹಾಕಿದೊಡನೆ ಖಾನೆ ಕೆಂಪಾಯಿತು. ಅಳಿಸಿ ಮತ್ತೆ ಹಾಕಿದಳು. ಮತ್ತೆ ಕೆಂಪು. ಅದು ಸರಿಯಾಗದೆ ಮುಂದಿನ ಖಾನೆಗೆ ಹೋಗಲು ಕಂಪ್ಯೂಟರು ಬಿಡುವುದಿಲ್ಲವಂತೆ.

“ನಿಮ್ಗೂ ಮಗಳಿಗೂ ಹದ್ಮೂರೇ ವರ್ಷ ಅಂತರ ಐತಲ್ಲಮ್ಮಾ. ಹೆತ್ತ ತಾಯೀನೇನಾ?”

ನಿಮ್ಮಮ್ಮನ ಮುಖ ಊದಿತ್ತು, ಆದರೂ ತಮಾಷೆ ಬಿಟ್ಟಿರಲಿಲ್ಲ. “ನಮ್ಮಮ್ಮಂಗೆ ಎಲ್ಲಾದಕ್ಕೂ ಅವಸರ ಕಣಮ್ಮಾ” ಅಂದಳು.

ಹುಡುಗಿ ನಗಲಿಲ್ಲ. “ತಾಯಿ ಅಂತ ಸುಳ್ಳು ಹೇಳಿ ಕಿಡ್ನಿ ಮಾರೋರಿರ್ತಾರೆ, ಅದಕ್ಕೇ ಹಿಂಗ್ ಮಾಡವ್ರೆ. ಸ್ಕೂಲಲ್ಲಿ ವಯಸ್ಸು ತಪ್ಪು ಬರ್ಸಿದ್ರಾ?”

“ಗೊತ್ತಿಲ್ಲ” ಅಂದೆ.

ಗೊತ್ತಿತ್ತು. ನಾನು ಹತ್ತು ವರ್ಷಕ್ಕೆ ಶಾಲೆಗೆ ಸೇರಿದಾಗ ಮೇಷ್ಟ್ರು ಆರು ಎಂದು ಬರೆದುಕೊಂಡರು. ಅದು ಅವರ ರೂಢಿ. ನಿಮ್ಮಮ್ಮನ ವಯಸ್ಸು ತಪ್ಪು ಬರೆಸಿದ್ದು ನನ್ನದೇ ಕೆಲಸ. ನಿಮ್ಮ ತಾತ ತೀರಿಹೋದ ಮೇಲೆ ಮಗ್ಗದ ಶೆಡ್ಡಿಗೆ ನಾನೊಬ್ಬಳೇ. ಮಗ್ಗದಿಂದ ಲಾಳಿ ಹಾರಿ ಬಡಿದು ಕಣ್ಣು ಕಳೆದುಕೊಂಡ ಮಗುವೊಂದನ್ನು ನೋಡಿದ್ದೆ. ನಾಲ್ಕು ತುಂಬಿದ ಮಗಳನ್ನು ಆರು ಎಂದು ಹೇಳಿ ಶಾಲೆಯಲ್ಲಿ ಕೂರಿಸಿ ಬಂದೆ. ನಿಜವಾದ ಅಂತರ ಹತ್ತೊಂಬತ್ತು.

ಅಷ್ಟು ಜನರೆದುರು ಸುಳ್ಳು ಬರೆಸಿದೆ ಎನ್ನಲು ನಾಲಿಗೆ ಏಳಲಿಲ್ಲ. ಕೇಸು ಹಾಕುತ್ತಾರೆಂಬ ಭಯವೂ ಇತ್ತು. ಅರ್ಜಿ ಹಾಗೆಯೇ ನಿಂತಿತು. ಮೂರು ವಾರ ಸುಮ್ಮನಿದ್ದು, ಡಯಾಲಿಸಿಸ್ ಮುಗಿಸಿ ಬರುವಾಗ ಬಸ್ಸಿನಲ್ಲಿ ಅವಳಿಗೆ ಹೇಳಿದೆ.

“ಅವತ್ತೇ ಹೇಳ್ಬಾರ್ದಿತ್ತೇನಮ್ಮಾ” ಅಂದಳು. ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡಳು.

ಹೋಗಿ ನಿಜ ಹೇಳಿದಾಗ ಆಸ್ಪತ್ರೆಯಲ್ಲಿ ಯಾರೂ ಗದರಲಿಲ್ಲ. ತಾಯಿ ಮಗಳು ಹೌದೋ ಅಲ್ಲವೋ ಎಂದು ತಿಳಿಯಲು ರಕ್ತ ತೆಗೆದುಕೊಂಡರು, ಅಷ್ಟೇ. ಫಲಿತಾಂಶ ಬರುವಷ್ಟರಲ್ಲಿ ಡಯಾಲಿಸಿಸ್ ನಳಿಕೆಯಿಂದ ನಂಜೇರಿ ಅವಳಿಗೆ ಜ್ವರ ಬಂದಿತ್ತು. ಆಪರೇಷನ್ನಿನ ಮಾತೇ ನಿಂತಿತು. ಆರನೆಯ ದಿನ ಹೋದಳು.

ಅರ್ಜಿ ಮೊದಲೇ ಮುಗಿದಿದ್ದರೂ ಇದೇ ಆಗಬಹುದಿತ್ತು ಎಂದರು ಡಾಕ್ಟರು. ಅವರು ಒಳ್ಳೆಯವರು. ಕಂಪ್ಯೂಟರು ತಡಮಾಡಿತು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನೀವು ಹಾಗೆ ನಂಬಬೇಡಿ. ಆ ಮೂರು ವಾರ ತಡಮಾಡಿದವಳು ನಾನು.